ವೃದ್ಧಸೇವಕರ ಬೆನ್ನಿಗೊಂದು ಸಂಘ

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯು ಹಾಸನ ಸೀಮೆಯ ರೈಲು ಜಂಕ್ಷನ್ನಿನ ಅರಸೀಕೆರೆಯಲ್ಲ. ಪಾಂಡ್ಯರು ಆಳಿದ ಉಚ್ಚಂಗಿದುರ್ಗದ ನೆರೆಯಲ್ಲಿ, ಮಳೆಯನ್ನೇ ನೆಚ್ಚಿ ಜೋಳ, ಮೆಕ್ಕೆಜೋಳ, ಶೇಂಗಾಗಳನ್ನು ಬಿತ್ತುವ ಹೊಲಗಳ ನಡುವೆ ನೆಲಸಿರುವ ಊರು ಅದು. ಇಲ್ಲಿಯ ಎಂಬತ್ತು ದಾಟಿದ ಹಿರಿಯರು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ ಜನಿಸಿ, 1953ರಲ್ಲಿ ಮೈಸೂರು ರಾಜ್ಯದವರಾಗಿ, 1997ರಲ್ಲಿ ದಾವಣಗೆರೆ ಜಿಲ್ಲೆಯವರೆನಿಸಿ, ಮತ್ತೆ ಬಳ್ಳಾರಿಗೆ ಸೇರಿ, 2021ರಿಂದ ವಿಜಯನಗರ ಜಿಲ್ಲೆಯವರಾಗಿರುವರು. ಆಳ್ವಿಕೆಯ ಗಡಿಗಳು ಇಷ್ಟು ಬಾರಿ ಸರಿದರೂ ಕದಲದೆ ನಿಂತುದು ಒಂದೇ: ಮುಪ್ಪಿನ ಭಾರವನ್ನು ಹೊರತಕ್ಕವರು ಮನೆಯವರೇ ಎಂಬ ನಂಬಿಕೆ.

ಆ ನಂಬಿಕೆಯು ಉದಾತ್ತವಾದುದೇ ಸರಿ. ಆದರೆ ಅದನ್ನು ನಡೆಸಿಕೊಡುವ ಕೈಗಳು ಕಡಮೆಯಾಗುತ್ತಿವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಒಣಬೇಸಾಯದ ಹಳ್ಳಿಗಳಿಂದ ದುಡಿಯುವ ವಯಸ್ಸಿನವರು ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಹೋಗುವಾಗ, ಮನೆಯಲ್ಲಿ ಉಳಿಯುವವರು ಅಜ್ಜ ಅಜ್ಜಿಯರು, ಮತ್ತು ಅವರನ್ನು ನೋಡಿಕೊಳ್ಳುವುದಕ್ಕೆಂದು ಹಿಂದುಳಿದ ಒಬ್ಬ ಸೊಸೆಯೋ ಮಗಳೋ ಮಾತ್ರ. 2011ರ ಜನಗಣತಿಯಲ್ಲಿ ಅರವತ್ತು ಮೀರಿದವರ ಸಂಖ್ಯೆ ದೇಶದಲ್ಲಿ ಹತ್ತು ಕೋಟಿಯನ್ನು ದಾಟಿತ್ತು. 2050ರ ವೇಳೆಗೆ ನಮ್ಮ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲು ವೃದ್ಧರದಾಗುವುದೆಂದು ನೀತಿ ಆಯೋಗದ 2024ರ ವರದಿಯು ಎಣಿಸಿದೆ.

ದೀರ್ಘಕಾಲದ ವೃದ್ಧಸೇವೆಯೆಂಬುದು ಕೇವಲ ಕನಿಕರದಿಂದ ಕೈಗೂಡುವ ಕೆಲಸವಲ್ಲ, ಅದೊಂದು ವಿದ್ಯೆ. ಲಕ್ವ ಹೊಡೆದು ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದಲ್ಲಿಯೂ ಹಿಮ್ಮಡಿಯಲ್ಲಿಯೂ ಹಾಸಿಗೆ ಹುಣ್ಣುಗಳೇಳುವುವು; ನುಂಗುವ ಶಕ್ತಿ ಕುಂದಿದವರಿಗೆ ಮಲಗಿಸಿಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕಿಳಿದು ಪ್ರಾಣಕ್ಕೆ ಎರವಾಗಬಹುದು; ಅರಳುಮರಳೆಂದು ಜನ ಜರೆಯುವ ನಡವಳಿಕೆಯು ಹಲವು ವೇಳೆ ಮಿದುಳಿನ ವ್ಯಾಧಿಯಾಗಿದ್ದು, ಗದರಿಸಿದಷ್ಟೂ ಉಲ್ಬಣಿಸುವುದು. ಇವೆಲ್ಲವನ್ನೂ ಕಲಿಯಲು ಸಾಧ್ಯವಿದೆ. ಆದರೆ ಕಲಿಸುವವರಾರು, ಮತ್ತು ಹಗಲಿರುಳು ಸೇವೆಮಾಡಿ ದಣಿದವಳ ಕಷ್ಟವನ್ನು ಕೇಳುವವರಾರು?

ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಸಂಸ್ಥೆಯೇ ಸೇವಕರ ವೃತ್ತಿಸಂಘ. ವೃದ್ಧರನ್ನು ನೇರವಾಗಿ ಸಲಹುವುದು ಅದರ ಕೆಲಸವಲ್ಲ. ವೃದ್ಧರನ್ನು ಸಲಹುವವರನ್ನು ಸಲಹುವುದು ಅದರ ಧರ್ಮ. ಅಮೆರಿಕದಲ್ಲಿ ಲಾಭಾಪೇಕ್ಷೆಯಿಲ್ಲದ ವೃದ್ಧನಿಲಯಗಳು 1961ರಲ್ಲಿ ಒಂದುಗೂಡಿ ಕಟ್ಟಿಕೊಂಡ ಸಂಘವು ಈಗ ಲೀಡಿಂಗ್‌ಏಜ್ ಎಂಬ ಹೆಸರಿನಿಂದ ನಡೆಯುತ್ತಿದೆ. ನಮ್ಮ ದೇಶದಲ್ಲಿ ಹಿರಿಯರ ನಿವಾಸಗಳನ್ನು ನಡೆಸುವವರು 2011ರಲ್ಲಿ ಅಸೋಸಿಯೇಷನ್ ಆಫ್ ಸೀನಿಯರ್ ಲಿವಿಂಗ್ ಇಂಡಿಯಾ ಎಂಬ ಸಂಘವನ್ನು ಸ್ಥಾಪಿಸಿಕೊಂಡರು. ಅದಕ್ಕೂ ಮೊದಲೇ, 1992ರಲ್ಲಿ, ಮರೆವಿನ ರೋಗಿಗಳ ಕುಟುಂಬಗಳನ್ನೂ ವೈದ್ಯರನ್ನೂ ಒಂದೆಡೆ ಸೇರಿಸಿ, ಡಾ. ಜೇಕಬ್ ರಾಯ್ ಅವರ ಮುಂದಾಳ್ತನದಲ್ಲಿ ಕೇರಳದಲ್ಲಿ ಅಲ್ಜೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ ಆರಂಭವಾಗಿತ್ತು. ದೇಶದಲ್ಲಿ 37 ಲಕ್ಷ ಮಂದಿ ಈ ವ್ಯಾಧಿಯಿಂದ ಬಳಲುತ್ತಿರುವರೆಂದು 2010ರ ತನ್ನ ವರದಿಯಲ್ಲಿ ಲೆಕ್ಕವಿಟ್ಟು, ಮನೆಮನೆಗಳ ಮರೆಯಲ್ಲಿದ್ದ ಸಂಕಟವನ್ನು ಸರ್ಕಾರದ ಗಮನಕ್ಕೆ ತಂದುದು ಈ ಸಂಘವೇ.

ಸಂಘಶಕ್ತಿಯ ಫಲವೆಂತಹುದೆಂಬುದಕ್ಕೆ, ರೋಗಿಯ ನೋವನ್ನು ತಗ್ಗಿಸುವ ಉಪಶಮನ ಚಿಕಿತ್ಸೆಯ ಚರಿತ್ರೆಗಿಂತ ಒಳ್ಳೆಯ ನಿದರ್ಶನವಿಲ್ಲ. 1985ರ ಮಾದಕದ್ರವ್ಯ ಕಾನೂನಿನ ಬಿಗಿಯಿಂದಾಗಿ, ಅಸಹನೀಯ ನೋವಿನಲ್ಲಿರುವ ರೋಗಿಗೂ ಮಾರ್ಫಿನ್ ದೊರೆಯುವುದು ದುರ್ಲಭವಾಗಿತ್ತು. ಒಬ್ಬ ವೈದ್ಯನ ಅಥವಾ ಒಂದು ಆಸ್ಪತ್ರೆಯ ಮೊರೆಗೆ ಶಾಸನವು ಬದಲಾಗುವುದುಂಟೆ? 1994ರಲ್ಲಿ ಸ್ಥಾಪಿತವಾದ ಇಂಡಿಯನ್ ಅಸೋಸಿಯೇಷನ್ ಆಫ್ ಪ್ಯಾಲಿಯೇಟಿವ್ ಕೇರ್‌ನ ಸದಸ್ಯರೂ ಅವರ ಸಹವರ್ತಿಗಳೂ ವರ್ಷಗಟ್ಟಲೆ ಪಟ್ಟುಹಿಡಿದು ಒತ್ತಾಯಿಸಿದುದರಿಂದ 2014ರಲ್ಲಿ ಆ ಕಾನೂನಿಗೆ ತಿದ್ದುಪಡಿಯಾಯಿತು. ಅದೇ ಸಂಘವು ವೈದ್ಯರಿಗೂ ದಾದಿಯರಿಗೂ ಉಪಶಮನ ಚಿಕಿತ್ಸೆಯ ಮೂಲಪಾಠಗಳ ಸರ್ಟಿಫಿಕೇಟ್ ಕೋರ್ಸನ್ನು ನಡೆಸಿ, ಸೇವೆಗೊಂದು ಅಳತೆಗೋಲನ್ನೂ ಒದಗಿಸಿದೆ.

ಬೆಂಗಳೂರಿನಲ್ಲಿ 1998ರಲ್ಲಿ ಸ್ಥಾಪನೆಯಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ವೃತ್ತಿಸಂಘವಲ್ಲದಿದ್ದರೂ, ಡಾ. ರಾಧಾ ಮೂರ್ತಿ ಮತ್ತು ಪ್ರೇಮಕುಮಾರ್ ರಾಜಾ ಅವರ ಪರಿಶ್ರಮದಿಂದ ಈ ದಾರಿಯಲ್ಲಿ ಬಹುದೂರ ನಡೆದಿದೆ. ನಗರ ಪೊಲೀಸರೊಡನೆ ಕೂಡಿ 2002ರಲ್ಲಿ ಅದು ತೆರೆದ 1090 ಸಂಖ್ಯೆಯ ಹಿರಿಯರ ಸಹಾಯವಾಣಿಯೂ, ಬಡ ಹೆಣ್ಣುಮಕ್ಕಳಿಗೆ ವೃದ್ಧಶುಶ್ರೂಷೆಯನ್ನು ಕಲಿಸಿ ಗೌರವದ ಜೀವನೋಪಾಯವನ್ನು ಕಲ್ಪಿಸಿದ ತರಬೇತಿಯೂ, ಈ ಕೆಲಸವನ್ನು ವೃತ್ತಿಯಾಗಿ ಮನ್ನಿಸಿದರೆ ಸೇವಿಸುವವರಿಗೂ ಸೇವಿಸಲ್ಪಡುವವರಿಗೂ ಹಿತವೆಂಬುದನ್ನು ತೋರಿಸಿಕೊಟ್ಟಿವೆ.

ಇವುಗಳಲ್ಲಿ ಯಾವುದು ಅರಸೀಕೆರೆಗೆ ತಲುಪೀತು? ನಗರದ ಹಿರಿಯರ ನಿವಾಸಗಳನ್ನು ನಡೆಸುವವರ ಸಂಘವು ತನ್ನಷ್ಟಕ್ಕೆ ಇಲ್ಲಿಗೆ ಬರಲಾರದು. ಬರಬೇಕಾದುದು ಅದರ ತತ್ತ್ವ. ಕೇರಳದ ಮಲಪ್ಪುರಂ ಸೀಮೆಯಲ್ಲಿ ನೆರೆಹೊರೆಯ ಸ್ವಯಂಸೇವಕರೇ ಕಲೆತು, ಶಿಕ್ಷಣ ಪಡೆದು, ಹಾಸಿಗೆ ಹಿಡಿದವರ ಮನೆಗಳಿಗೆ ಸರದಿಯಂತೆ ಹೋಗಿಬರುವ ಪದ್ಧತಿಯು ಬೆಳೆದು, 2008ರಲ್ಲಿ ಆ ರಾಜ್ಯವು ಉಪಶಮನ ಚಿಕಿತ್ಸಾ ನೀತಿಯನ್ನೇ ಘೋಷಿಸಿತು. ಹಳ್ಳಿಗರ ಕೈಯಿಂದಲೇ ಆದ ಕಾರ್ಯವದು. ನಮ್ಮಲ್ಲಿಯೂ ಸಾಮಗ್ರಿಯ ಕೊರತೆಯಿಲ್ಲ: ಮನೆಮನೆಯ ಗುಟ್ಟನ್ನರಿತ ಆಶಾ ಕಾರ್ಯಕರ್ತೆಯರಿರುವರು; ತಿಂಗಳಿಗೆ 1,200 ರೂಪಾಯಿಗಳ ಸಂಧ್ಯಾ ಸುರಕ್ಷಾ ವೇತನವಿದೆ; 14567 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಯಿದೆ; ಮಕ್ಕಳಿಂದ ಉಪೇಕ್ಷಿತರಾದವರು 2007ರ ಪಾಲಕರ ಪೋಷಣೆಯ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳಿಗೆ ಮೊರೆಯಿಡಬಹುದಾಗಿದ್ದು, ಆ ಕಚೇರಿಯು ಹರಪನಹಳ್ಳಿಯಲ್ಲಿಯೇ ಇದೆ. ಇವೆಲ್ಲ ವೃದ್ಧರಿಗಾಗಿ ಇರುವ ಏರ್ಪಾಡುಗಳು. ಅವರನ್ನು ಎತ್ತಿ ಕೂರಿಸುವ ಸೊಸೆಗಾಗಿ, ಕೂಲಿಗೆ ಬಂದು ಮೈತೊಳೆಯುವ ಹೆಂಗಸಿಗಾಗಿ, ಒಂದು ಪಾಠವಾಗಲಿ, ಒಂದು ದಿನದ ಬಿಡುವಾಗಲಿ, ನ್ಯಾಯವಾದ ಕೂಲಿಯ ಮಾತಾಗಲಿ ಇವುಗಳಲ್ಲಿ ಅಡಕವಾಗಿಲ್ಲ.

ಆದುದರಿಂದ ಕೂಡ್ಲಿಗಿ, ಕೊಟ್ಟೂರು ಮೊದಲಾಗಿ ಮೇಲೆ ಹೇಳಿದ ಐದು ತಾಲ್ಲೂಕುಗಳ ವೈದ್ಯರೂ ದಾದಿಯರೂ ಮಠಗಳೂ ಮಹಿಳಾ ಸ್ವಸಹಾಯ ಗುಂಪುಗಳೂ ಒಂದುಗೂಡಿ ವೃದ್ಧಸೇವಕರ ಸಂಘವೊಂದನ್ನು ಕಟ್ಟಬೇಕು. ಹೋಬಳಿಗೊಂದು ಶಿಕ್ಷಣ ಶಿಬಿರ, ಮನೆಯವರಿಗೆ ಬಿಡುವು ಕೊಡಬಲ್ಲ ನಾಲ್ಕಾರು ತರಬೇತಾದ ಕೈಗಳು, ದಣಿದವರು ಕುಳಿತು ಮಾತಾಡುವ ತಿಂಗಳಿಗೊಂದು ಸಭೆ—ಇಷ್ಟರಿಂದಲೇ ಅದು ಆರಂಭವಾಗಲಿ. ಹೆತ್ತವರ ಸೇವೆಯನ್ನು ಪುಣ್ಯವೆಂದು ಕೊಂಡಾಡುವ ನಾವು, ಆ ಪುಣ್ಯವನ್ನು ಒಬ್ಬಳ ಹೆಗಲಿಗೇ ಹೊರಿಸಿ ಸುಮ್ಮನಿರುವುದು ಧರ್ಮವಲ್ಲ. ಭಾರವನ್ನು ಹಂಚಿಕೊಳ್ಳಲು ಓದುಗರು ತಮ್ಮ ತಮ್ಮ ಊರುಗಳಲ್ಲಿ ಮುಂದಾಗಬೇಕೆಂದು ಪ್ರಾರ್ಥಿಸುತ್ತೇನೆ.