ನಿಂಬೆ ತೋಟಕ್ಕೆ ಬಂದ ಕೃಷ್ಣೆ

ವಿಜಯಪುರ ಸೀಮೆಯ ನಕಾಶೆ ಬಿಚ್ಚಿ ಕೂತವನಿಗೆ ಆ ರಾತ್ರಿ ನಿದ್ದೆಯೇ ಹತ್ತಲಿಲ್ಲ! ಭೀಮೆ ದಾಟಿ ಇಂಡಿ ತಾಲ್ಲೂಕಿನ ಲಚ್ಯಾಣಕ್ಕೆ ಬರುವ ರೈಲು ಹಳಿ, ವಿಜಯಪುರ ಹಾಯ್ದು, ಬಸವನ ಬಾಗೇವಾಡಿಯ ಎರೆಹೊಲಗಳನ್ನು ಸೀಳಿ, ಆಲಮಟ್ಟಿಯಲ್ಲಿ ಕೃಷ್ಣೆಯನ್ನು ದಾಟುತ್ತದೆ. ಎರಡು ಹೊಳೆಗಳನ್ನು ಹೊಲಿದ ದಾರ ಅದು.

ಹೊಲಿದದ್ದು ಹಸಿವು. 1876–78ರ ಬರದಲ್ಲಿ ಇಲ್ಲಿ ಮನುಷ್ಯರೂ ದನಗಳೂ ಸತ್ತುಬಿದ್ದ ಮೇಲೆ, ಇಂಥ ನಾಡಿಗೆ ಕಾಳು ಮುಟ್ಟಿಸಲೆಂದು ಸದರ್ನ್ ಮರಾಠಾ ರೈಲ್ವೆ ಹೋಟಗಿಯಿಂದ ಗದಗಿಗೆ ಮೀಟರ್ ಗೇಜ್ ಹಾಕಿತು. 1884ರ ಹೊತ್ತಿಗೆ ಗಾಡಿ ಓಡಿತು.

ಈಗ ಅದೇ ದಾರಿಯಲ್ಲಿ ಕಲ್ಲಿದ್ದಲು ಬರುತ್ತದೆ! ಕೂಡಗಿಯ ಹತ್ತಿರ ನಿಂತು ಡಬ್ಬಿ ಎಣಿಸುತ್ತ ಹೋದೆ, ಐವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ಹಳಿಯ ಈಚೆ ಬಿಳಿಜೋಳದ ತೆನೆ, ಆಚೆ ಉಷ್ಣ ವಿದ್ಯುತ್ ಸ್ಥಾವರದ 800 ಮೆಗಾವಾಟಿನ 3 ಘಟಕಗಳು. ಅಲ್ಲಿ ಕುದಿಯುವ ನೀರು ಆಲಮಟ್ಟಿ ಅಣೆಕಟ್ಟಿನದು. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟ ಆ ಅಣೆಕಟ್ಟಿನ ಬುಡದಲ್ಲೂ 290 ಮೆಗಾವಾಟಿನ ವಿದ್ಯುದಾಗಾರವಿದೆ. ಅಂದರೆ ಕೃಷ್ಣೆ ಇಲ್ಲಿ ಧುಮುಕಿಯೂ ಬೆಳಕಾಗುತ್ತಾಳೆ, ಕುದಿದೂ ಬೆಳಕಾಗುತ್ತಾಳೆ! (ಆ ನೀರಿನಡಿ ಮುಳುಗಿದ ಊರುಗಳಿವೆ, ಹಳೆ ಬಾಗಲಕೋಟೆಯ ಓಣಿಗಳಿವೆ. ಅವನ್ನು ಮರೆತು ಬೆರಗಾಗಲು ನನಗೆ ಮನಸ್ಸಿಲ್ಲ.)

ಆದರೆ ನನ್ನ ನಿದ್ದೆ ಕದ್ದದ್ದು ಮುಂದಿನ ಸಂಗತಿ. ಆಲಮಟ್ಟಿಯಿಂದ ಹೊರಬಿದ್ದ ನೀರನ್ನು ಮುದ್ದೇಬಿಹಾಳ ತಾಲ್ಲೂಕಿನ ಸಿದ್ದಾಪುರದ ಬಳಿ ನಾರಾಯಣಪುರ ಅಣೆಕಟ್ಟು ಮತ್ತೆ ತಡೆಯುತ್ತದೆ. ಆ ಜಲಾಶಯದ ಹೆಸರು ಬಸವಸಾಗರ. ಅಲ್ಲಿಂದ ಹೊರಟ ಎಡದಂಡೆ ಕಾಲುವೆಗೆ ಒಂದು ಕವಲು, ಇಂಡಿ ಶಾಖಾ ಕಾಲುವೆ. ಅದು ತಿರುಗಿ ಬಡಗಲಿಗೆ ನಡೆಯುತ್ತದೆ! ಸಿಂದಗಿ ಪಟ್ಟಣಕ್ಕೆ ರೈಲಿಲ್ಲ, ಆದರೆ ಆ ತಾಲ್ಲೂಕಿನ ಹೊಲಗಳಿಗೆ ಕಾಲುವೆ ಬಂದಿದೆ. ಸಿಂದಗಿ ದಾಟಿದರೆ ಇಂಡಿ. ಕೃಷ್ಣೆಯೂ ಭೀಮೆಯೂ ಕೂಡುವುದು ಎಲ್ಲೋ ದೂರ, ರಾಯಚೂರು ಸೀಮೆಯಲ್ಲಿ. ಅಲ್ಲಿಗೆ ಹೋಗುವ ಮೊದಲೇ ಅಕ್ಕನ ನೀರು ತಂಗಿಯ ಹಿತ್ತಿಲಿಗೆ ಬಂದುಬಿಟ್ಟಿದೆ.

ಇಂಡಿಯ ಒಂದು ತೋಟದಲ್ಲಿ ಕಾಗ್ಜಿ ನಿಂಬೆಯೊಂದನ್ನು ಕೈಗಿಟ್ಟರು. ಭೌಗೋಳಿಕ ಗುರುತು ಪಡೆದ ಹಣ್ಣು. ತೊಗಟೆ ಎಷ್ಟು ತೆಳುವೆಂದರೆ, ಹಿಚುಕಿದ ಕೂಡಲೇ ರಸ ಮುಂಗೈ ಮೇಲಿಂದ ಮೊಣಕೈಗೆ ಇಳಿಯಿತು. ಗಿಡದ ಬುಡದಲ್ಲಿ ಮಣ್ಣು ಇನ್ನೂ ತೇವವಾಗಿತ್ತು. ದೂರದಲ್ಲಿ, ಲಚ್ಯಾಣದ ಕಡೆಯಿಂದ, ಗಾಡಿಯೊಂದು ಕೂಗಿತು.