ನಿಮ್ಮ ಮೆಚ್ಚಿನ ಚಿತ್ರ ಯಾವುದು? ಏಕೆ?



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ಯಾವ ಊರಿನಲ್ಲಾದರೂ ನಾಲ್ವರು ಗೆಳೆಯರು ಒಟ್ಟಿಗೆ ಕುಳಿತರೆ ಮಾತು ಸಿನಿಮಾದತ್ತ ಹೊರಳಲು ಹೆಚ್ಚು ಹೊತ್ತು ಬೇಕಾಗಿಲ್ಲ. ಒಬ್ಬರು ‘ಬಂಗಾರದ ಮನುಷ್ಯ’ ಎಂದರೆ ಇನ್ನೊಬ್ಬರು ‘ಓಂ’ ಎನ್ನುತ್ತಾರೆ. ಮನೆಯಲ್ಲಿ ತೆಲುಗು ಆಡುವವರು ‘ಶಂಕರಾಭರಣಂ’ ಎನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಚರ್ಚೆ ಜಗಳವಾಗುತ್ತದೆ. ನಿನ್ನ ನಟ ದೊಡ್ಡವನೋ, ನನ್ನ ನಟ ದೊಡ್ಡವನೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಚಿತ್ರವೇ ಮರೆತುಹೋಗಿರುತ್ತದೆ. ಹೀಗಾಗದಂತೆ, ಎಲ್ಲರಿಗೂ ಏನಾದರೂ ದಕ್ಕುವಂತೆ ಮಾತನಾಡುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಇಷ್ಟ ಬೇರೆ, ಶ್ರೇಷ್ಠ ಬೇರೆ

‘ಈ ಚಿತ್ರ ನನಗೆ ಇಷ್ಟ’ ಎನ್ನುವುದು ನಿಮ್ಮ ಬಗೆಗಿನ ಮಾತು. ಅದನ್ನು ಯಾರೂ ಅಲ್ಲಗಳೆಯಲಾರರು. ‘ಇದು ಶ್ರೇಷ್ಠ ಚಿತ್ರ’ ಎನ್ನುವುದು ಚಿತ್ರದ ಬಗೆಗಿನ ಮಾತು. ಅದಕ್ಕೆ ಕಾರಣ ಕೊಡಬೇಕಾಗುತ್ತದೆ. ಈ ಎರಡನ್ನೂ ಬೆರೆಸಿದಾಗಲೇ ಜಗಳ ಹುಟ್ಟುವುದು.

ಬಲ್ಲವರ ತೀರ್ಮಾನವೂ ಶಾಶ್ವತವಲ್ಲ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತ ಬಂದಿದೆ. ಮೊದಲ ಸಲ ಇಟಲಿಯ ‘ಬೈಸಿಕಲ್ ಥೀವ್ಸ್’ ಮೊದಲ ಸ್ಥಾನ ಪಡೆಯಿತು. 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’ ಆ ಸ್ಥಾನದಲ್ಲಿತ್ತು. 2012ರಲ್ಲಿ ‘ವರ್ಟಿಗೋ’ ಬಂತು, 2022ರಲ್ಲಿ ಶಾಂತಾಲ್ ಆಕರ್‌ಮನ್ ಎಂಬ ಮಹಿಳೆ ನಿರ್ದೇಶಿಸಿದ ‘ಜೀನ್ ಡೀಲ್‌ಮನ್’ ಬಂತು. ಚಿತ್ರಗಳು ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು. 2022ರಲ್ಲೇ ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಭಾರತೀಯ ಶಾಖೆಯೂ ಮತ ಕೇಳಿತು. ನಮ್ಮ ದೇಶದ ಚಿತ್ರಗಳಲ್ಲಿ ‘ಪಥೇರ್ ಪಾಂಚಾಲಿ’ ಮೊದಲನೆಯದಾಯಿತು. ಕನ್ನಡದ ‘ಘಟಶ್ರಾದ್ಧ’ (1977) ಐದನೆಯದಾಯಿತು.

ಕಾರಣವನ್ನು ಚಿತ್ರದೊಳಗೆ ಹುಡುಕಿ

‘ಬಂಗಾರದ ಮನುಷ್ಯ’ 1972ರಲ್ಲಿ ಬಂದ ಚಿತ್ರ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯ ಅವರ ನಿರ್ದೇಶನ, ರಾಜಕುಮಾರ್ ಅವರ ಅಭಿನಯ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ನಡೆಯಿತು. ಬಂಜರು ನೆಲವನ್ನು ದುಡಿದು ಹಸಿರು ಮಾಡುವ ಕಥೆ ಅದು. ನದಿಯ ನೀರಿಲ್ಲದ, ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿ ಕೊರೆಸುವ ಕೋಲಾರದ ರೈತನ ಮಗ ಈ ಚಿತ್ರವನ್ನು ನೋಡಿದರೆ ಏನನ್ನಿಸೀತು? ದುಡಿಮೆಯ ಮೇಲೆ ನಂಬಿಕೆ ಹುಟ್ಟೀತು. ದುಡಿಮೆಯೊಂದೇ ಸಾಕೇ, ನೀರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯೂ ಏಳಬಹುದು. ಎರಡೂ ಒಳ್ಳೆಯ ಚರ್ಚೆಗೆ ದಾರಿ. ‘ಸೂಪರ್ ಪಿಕ್ಚರ್’ ಎಂದು ನಿಲ್ಲಿಸಿಬಿಟ್ಟರೆ ಇವೆರಡೂ ಹೊರಗೆ ಬರುವುದಿಲ್ಲ.

ಮುಳಬಾಗಿಲು ತಾಲ್ಲೂಕಿನ ಮೂಲದ ನಟಿ ಸೌಂದರ್ಯ ಅವರನ್ನು ನೆನೆಯಿರಿ. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ದ್ವೀಪ’ ಚಿತ್ರವನ್ನು ಅವರು ನಿರ್ಮಿಸಿ, ನಾಗಿಯ ಪಾತ್ರದಲ್ಲಿ ನಟಿಸಿದರು. 2001ನೇ ಸಾಲಿನ ಸ್ವರ್ಣಕಮಲ ಅದಕ್ಕೆ ಬಂತು. ಅಣೆಕಟ್ಟಿನ ನೀರು ಏರಿ ಊರು ಮುಳುಗುತ್ತಿರುವಾಗ ನಾಗಿ ಒಬ್ಬಳೇ ಧೈರ್ಯದಿಂದ ಮನೆಯನ್ನು ಉಳಿಸಿಕೊಳ್ಳುತ್ತಾಳೆ. ಕೊನೆಗೆ ಗಂಡ ಅದೆಲ್ಲ ದೇವರ ಕೃಪೆ ಎಂದುಬಿಡುತ್ತಾನೆ. ಆಗ ನಾಗಿಯ ಮುಖವನ್ನು ಗಮನಿಸಿ. ‘ಚಿತ್ರ ಏಕೆ ಇಷ್ಟವಾಯಿತು’ ಎಂದು ಯಾರಾದರೂ ಕೇಳಿದರೆ ಇಂಥ ಒಂದು ದೃಶ್ಯವನ್ನು ಬೆರಳಿಟ್ಟು ತೋರಿಸಬಲ್ಲವರು ನಿಜವಾದ ಅಭಿಮಾನಿಗಳು.

ನಮ್ಮೂರೇ ತೆರೆಯ ಮೇಲೆ ಬಂದಾಗ

2018 ಮತ್ತು 2022ರಲ್ಲಿ ಬಂದ ‘ಕೆ.ಜಿ.ಎಫ್’ ಚಿತ್ರದ ಎರಡು ಭಾಗಗಳು ಕೋಲಾರದ ಹೆಸರನ್ನು ದೇಶದಾದ್ಯಂತ ಹಬ್ಬಿಸಿದವು. ನಿಮ್ಮಲ್ಲಿ ಬಹಳ ಮಂದಿಗೆ ಅದೇ ಮೆಚ್ಚಿನ ಚಿತ್ರವಾಗಿರಬಹುದು. ಮೆಚ್ಚುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಕಲ್ಪಿತ ಕಥೆ ಎಂಬುದು ನೆನಪಿರಲಿ. ನಿಜವಾದ ಗಣಿಗಳನ್ನು 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿತು. ಶಿವನಸಮುದ್ರದಿಂದ 1902ರಲ್ಲಿ ಅಲ್ಲಿಗೆ ವಿದ್ಯುತ್ ಬಂತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಕಾರ್ಮಿಕರು ದುಡಿದರು. ಅವರಲ್ಲಿ ಬಹುಪಾಲು ಮಂದಿ ತಮಿಳು ಮಾತನಾಡುವ ದಲಿತರು. ಬಂಡೆಯ ಧೂಳಿನಿಂದ ಎಷ್ಟೋ ಜನರ ಶ್ವಾಸಕೋಶ ಹಾಳಾಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಸಾವಿರಾರು ಕುಟುಂಬಗಳು ಕೆಲಸ ಕಳೆದುಕೊಂಡವು.

ಚಿತ್ರದಲ್ಲಿ ಗಣಿಯ ಜನ ತಮ್ಮನ್ನು ಬಿಡಿಸುವ ಒಬ್ಬ ವೀರನಿಗಾಗಿ ಕಾಯುತ್ತಾರೆ. ಚರಿತ್ರೆಯಲ್ಲಿ ಹಾಗಲ್ಲ, 1930ರಲ್ಲಿ ಕಾರ್ಮಿಕರೇ ಒಟ್ಟಾಗಿ ಮುಷ್ಕರ ಹೂಡಿದರು. ಹೊರಗಿನವರು ಚಿತ್ರವನ್ನೇ ಇತಿಹಾಸವೆಂದು ನಂಬಿಯಾರು. ಆಗ ‘ನಮ್ಮ ಜಿಲ್ಲೆಯಲ್ಲಿ ನಡೆದದ್ದು ಹೀಗೆ’ ಎಂದು ತಿಳಿಸಿ ಹೇಳುವ ಹೊಣೆ ನಿಮ್ಮದು. ಚಿತ್ರವನ್ನು ಮೆಚ್ಚಿಕೊಂಡೇ ಈ ಮಾತನ್ನು ಹೇಳಬಹುದು.

ಭಾಷೆಯ ಸಂಕೋಚ ಬೇಡ

ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಜಿಲ್ಲೆ ನಮ್ಮದು. ಮನೆಯಲ್ಲಿ ತೆಲುಗು ಚಿತ್ರ ನೋಡಿ ಬೆಳೆದವರು ತರಗತಿಯಲ್ಲಿ ಅದರ ಹೆಸರು ಹೇಳಲು ಹಿಂಜರಿಯುವುದುಂಟು. ಅದು ಅನಾವಶ್ಯಕ. ‘ಬೇಡರ ಕಣ್ಣಪ್ಪ’ 1954ರಲ್ಲಿ ತೆಲುಗಿಗೂ ಹೋಯಿತು. ಅಲ್ಲಿಯೂ ರಾಜಕುಮಾರ್ ಅವರೇ ಕಣ್ಣಪ್ಪ. ಸೌಂದರ್ಯ ಎರಡೂ ಭಾಷೆಯವರ ಮನೆಮಗಳಾಗಿದ್ದರು. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರು ಹೊತ್ತ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರು ಬರೆದದ್ದು ಕನ್ನಡದಲ್ಲಿ. ಅವರ ನಾಟಕ ‘ಕಾಕನಕೋಟೆ’ಯನ್ನು ಸಿ.ಆರ್. ಸಿಂಹ 1977ರಲ್ಲಿ ಚಲನಚಿತ್ರ ಮಾಡಿದರು. ಅನ್ಯಭಾಷೆಯ ಚಿತ್ರವನ್ನು ಮೆಚ್ಚಿದ ಮಾತ್ರಕ್ಕೆ ಕನ್ನಡದ ಪ್ರೀತಿ ಕಡಿಮೆಯಾಗದು. ಅದನ್ನು ಏಕೆ ಮೆಚ್ಚಿದಿರೆಂದು ಒಳ್ಳೆಯ ಕನ್ನಡದಲ್ಲಿ ಹೇಳಿದರೆ ಕನ್ನಡಕ್ಕೂ ಲಾಭವೇ.

ನೀವೇ ನಡೆಸಿ ನೋಡಿ

ನಿಮ್ಮ ಶಾಲೆ ಅಥವಾ ಕಾಲೇಜಿನಲ್ಲಿ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಪ್ರತಿಯೊಬ್ಬರೂ ಒಂದೇ ಚಿತ್ರದ ಬಗ್ಗೆ ಐದು ನಿಮಿಷ ಮಾತನಾಡಲಿ. ಕಥೆ ಬರೆದವರು, ನಿರ್ದೇಶಕರು, ಛಾಯಾಗ್ರಾಹಕರು ಯಾರೆಂದು ತಿಳಿದುಕೊಂಡು ಬರಲಿ. ಮನಸ್ಸಿನಲ್ಲಿ ಉಳಿದ ಒಂದು ದೃಶ್ಯವನ್ನು ವಿವರಿಸಲಿ. ಚಿತ್ರದಲ್ಲಿ ಒಪ್ಪಿಗೆಯಾಗದ ಒಂದು ಅಂಶವನ್ನೂ ಹೇಳಲಿ. ಮಾತು ಮುಗಿಯುವವರೆಗೆ ಉಳಿದವರು ಸುಮ್ಮನೆ ಕೇಳಲಿ, ಅನಂತರ ಪ್ರಶ್ನಿಸಲಿ. ಗೆದ್ದವರು, ಸೋತವರು ಎಂಬ ಲೆಕ್ಕ ಬೇಡ. ಗೆಳೆಯರು ಹೇಳಿದ ಒಂದು ಚಿತ್ರವನ್ನಾದರೂ ನೋಡಬೇಕೆಂಬ ಆಸೆ ಹೊತ್ತು ನೀವು ಮನೆಗೆ ಮರಳಿದರೆ ಆ ಒಂದು ಗಂಟೆ ಸಾರ್ಥಕ.