ಎಮ್ಮೆ ತಿಂದದ್ದು, ಮಗು ಕುಡಿದದ್ದು



2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಸಾಂಗ್ಲಿ-ಮಿರಜ ಭಾಗದ ಮನೆ, ಕೊಟ್ಟಿಗೆಗಳಿಗೆ ನುಗ್ಗಿದ್ದನ್ನು ನಾವಾರೂ ಮರೆತಿಲ್ಲ. ನೀರಿಳಿದ ಮೇಲೆ ಮನೆಮನೆಗೆ ಹೋದಾಗ ಒಬ್ಬ ತಾಯಿ ಅಂಗಳದಲ್ಲಿ ಸರಕಿ ಹಿಂಡಿ ಹರವಿ ಒಣಗಿಸುತ್ತಿದ್ದರು. ಚೀಲದ ತಳದ ಹಿಂಡಿಗೆ ಹಸಿರು ಬೂಷ್ಟು ಹಿಡಿದಿತ್ತು. ಇದನ್ನು ಚೆಲ್ಲಬಾರದೇ ಎಂದು ಕೇಳಿದೆವು.

"ಎರಡು ಎಮ್ಮಿ ಉಳದಾವ್ರಿ ಫಾದರ್. ಇದನ್ನೂ ಚೆಲ್ಲಿದರ ಅವಕ್ಕ ಏನ್ ಹಾಕ್ಲಿ? ಬಿಸಲಿಗೆ ಎಲ್ಲಾ ಹೋಗ್ತೈತಿ."

ಬಿಸಿಲಿಗೆ ಬೂಷ್ಟು ಒಣಗುತ್ತದೆ, ಅದು ಬಿಟ್ಟ ವಿಷ ಹಿಂಡಿಯಲ್ಲೇ ಉಳಿಯುತ್ತದೆ. ಅದರ ಹೆಸರು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಕಾರಣ ಹುಡುಕುತ್ತ ಹೋದವರು ಮುಟ್ಟಿದ್ದು ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯನ್ನು. ನಮ್ಮ ದೇಶದಲ್ಲೇ 1974ರಲ್ಲಿ ಗುಜರಾತ್-ರಾಜಸ್ಥಾನ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಬಡವರು ಸತ್ತರು. ಅಲ್ಪ ಪ್ರಮಾಣದಲ್ಲಿ ಬಹುಕಾಲ ಹೊಟ್ಟೆ ಸೇರಿದರೂ ಇದು ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುತ್ತದೆ.

ಎಮ್ಮೆ ತಿಂದ ವಿಷದ ಒಂದಂಶ ರೂಪ ಬದಲಿಸಿ ಒಂದೆರಡು ದಿನದೊಳಗೆ ಹಾಲಿಗೆ ಬರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ನಮ್ಮ ತಾಯಂದಿರ ದೊಡ್ಡ ನಂಬಿಕೆ ಹಾಲನ್ನು ಚೆನ್ನಾಗಿ ಕಾಯಿಸುವುದು; ಅದಕ್ಕೂ ಇದು ಜಗ್ಗುವುದಿಲ್ಲ.

ಗೌಳಿ ನೀರು ಬೆರೆಸಿದನೋ ಎಂದು ನಾವು ದಿನಾ ಅನುಮಾನಿಸುತ್ತೇವೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ 1,103 ಪಟ್ಟಣಗಳಿಂದ 6,432 ಹಾಲಿನ ಮಾದರಿ ಪರೀಕ್ಷಿಸಿತು. ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು ಕೇವಲ 12ರಲ್ಲಿ. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ! ಅವುಗಳಲ್ಲಿ 227 ಸಂಸ್ಕರಿಸಿದ ಹಾಲಿನವು. ಪ್ಯಾಕೆಟ್ ಹಾಲು ಕೊಳ್ಳುವವರೂ ನಿಶ್ಚಿಂತರಾಗಿರುವಂತಿಲ್ಲ. ಮಿತಿಯೇನೋ ಬಿಗಿಯಾಗಿದೆ: ಒಂದು ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಂ, ಅಂದರೆ ಸುಮಾರು 20 ಲಕ್ಷ ಲೀಟರಿಗೆ ಒಂದೇ ಗ್ರಾಂ. ಇಷ್ಟು ಸೂಕ್ಷ್ಮವನ್ನು ಯಾವ ಮೂಗು, ಯಾವ ನಾಲಿಗೆ ಹಿಡಿದೀತು? ಪ್ರಯೋಗಾಲಯ ಬೇಕು, ಅದರ ಹಿಂದೆ ಕಾನೂನು ಬೇಕು.

ಆದರೆ 2006ರ ಆಹಾರ ಸುರಕ್ಷತಾ ಕಾಯ್ದೆ 'ಆಹಾರ' ಎಂಬುದರ ಅರ್ಥ ಹೇಳುವಾಗ ಪಶು ಆಹಾರವನ್ನು ಹೊರಗಿಟ್ಟಿತು. ಹಾಲು ಪರೀಕ್ಷಿಸಬಹುದು, ಹಾಲಿನ ಮೂಲವಾದ ಹಿಂಡಿಯ ಚೀಲ ಕಾಯ್ದೆಯ ಕೈಗೆ ಸಿಗದು! 2020ರಲ್ಲಿ ಪ್ರಾಧಿಕಾರವು ಮಾರಾಟದ ಪಶು ಆಹಾರ ಭಾರತೀಯ ಮಾನಕ ಬ್ಯೂರೋದ ಗುಣಮಟ್ಟಕ್ಕೆ ಒಳಪಟ್ಟು ಅದರ ಗುರುತು ಹೊಂದಿರಬೇಕೆಂದು ನಿರ್ದೇಶಿಸಿತು. ತಡವಾದರೂ ಸರಿಯಾದ ಕಡೆ ಇಟ್ಟ ಹೆಜ್ಜೆ ಎಂದೇ ನಮ್ಮ ಎಣಿಕೆ.

ಆದರೂ ನಮಗೊಂದು ಅಳುಕಿದೆ. ನಿಯಮ ಮೊದಲು ಬಿಗಿಯಬೇಕಾದದ್ದು ಹಿಂಡಿ ತಯಾರಿಸುವ, ದಾಸ್ತಾನು ಮಾಡುವ ದೊಡ್ಡವರ ಗೋದಾಮಿನಲ್ಲಿ. ಕೆಟ್ಟ ಚೀಲಕ್ಕೆ ಪರಿಹಾರವಿಲ್ಲದೆ ದಂಡ ಮಾತ್ರ ಹಾಕಿದರೆ ಎರಡೆಮ್ಮೆಯ ಬಡವಿ ಚೀಲವನ್ನು ಬಚ್ಚಿಡುತ್ತಾಳೆ, ಚೆಲ್ಲುವುದಿಲ್ಲ.

ನಮ್ಮ ಮನೆಗಳಲ್ಲಿ ಆಗುವುದೂ ಇದೆ. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ, ಗೋಡೆಯಿಂದ ದೂರವಿಡಿ. ಗಂಟುಗಟ್ಟಿದ್ದನ್ನು, ಮುಗ್ಗಲು ವಾಸನೆಯದನ್ನು ಅಂಗಡಿಗೆ ಹಿಂದಿರುಗಿಸಿ, ರಸೀದಿ ಇಟ್ಟುಕೊಳ್ಳಿ. ಕೆಟ್ಟ ಮೇವು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ತಿಳಿಯಾಗುತ್ತದೆ.

ಆ ತಾಯಿಗೂ ಇಷ್ಟನ್ನೇ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬೇಲಿಯಾಚೆಯಿಂದ ಕೇಳಿಸಿಕೊಂಡ ಪಕ್ಕದ ಮನೆಯಾಕೆ ಅರ್ಧ ಚೀಲ ಒಳ್ಳೆಯ ಹಿಂಡಿ ತಂದಿಟ್ಟರು. ಬೂಷ್ಟು ಹಿಡಿದದ್ದು ತಿಪ್ಪೆಗೆ ಹೋಯಿತು.